ಶಾಂತವೇರಿಯವರ ಮೂರು ಚುನಾವಣೆ: ಹಳೆಯ ದಾಖಲೆ ಓದುವ ಬಗೆ

ಶಾಂತವೇರಿ ಗೋಪಾಲಗೌಡರು 1952, 1962 ಮತ್ತು 1967ರಲ್ಲಿ ಗೆದ್ದ ಸಮಾಜವಾದಿ ಶಾಸಕರು. ಮಾಜಿ ಶಾಸಕರ ಪಟ್ಟಿಯಿಂದ ಸಿಗುವುದು ಇಷ್ಟೇ. ಮೂರು ಗೆಲುವೆಂದರೆ ಹದಿನೈದು ವರ್ಷದ ಶಾಸಕತನ ಎಂದು ಓದುಗರು ಲೆಕ್ಕ ಹಾಕಿಬಿಡುತ್ತಾರೆ. ಅದು ತಪ್ಪು ಲೆಕ್ಕ. ಹಳೆಯ ಚುನಾವಣೆಯ ದಾಖಲೆ ಕೈಗೆ ತೆಗೆದುಕೊಂಡಾಗ ಕ್ಷೇತ್ರ, ಮತದಾನದ ಪದ್ಧತಿ, ಪಕ್ಷ, ಸದನದ ಆಯುಷ್ಯ, ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು.

ಮೊದಲು ಕ್ಷೇತ್ರ. ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಆದರೆ ಮೊದಲ ಸಲ ಗೆದ್ದದ್ದು ಸಾಗರ–ಹೊಸನಗರದಿಂದ. ಆ ಹೆಸರಿನ ಕ್ಷೇತ್ರ ಇವತ್ತಿನ ಪಟ್ಟಿಯಲ್ಲಿಲ್ಲ. ಆಗಿನ ಮೈಸೂರು ವಿಧಾನಸಭೆಯಲ್ಲಿದ್ದದ್ದು 99 ಸ್ಥಾನ. ರಾಜ್ಯ ಪುನರ್ವಿಂಗಡಣೆಯಾದ ಮೇಲೆ, 1957ರಲ್ಲಿ, ಅದು 208ಕ್ಕೆ ಏರಿತು. ಗಡಿಗಳೂ ಹೆಸರುಗಳೂ ಬದಲಾದವು. ಹಾಗಾಗಿ ಈಗಿನ ಸಾಗರದ ಫಲಿತಾಂಶದ ಪಕ್ಕದಲ್ಲಿ 1952ರ ಅಂಕಿಯನ್ನಿಟ್ಟು ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ.

ಸಾಗರ ಸೀಮೆ ಅವರನ್ನು ಆರಿಸಿದ್ದೇಕೆ ಎಂಬುದಕ್ಕೆ ಉತ್ತರ ಚುನಾವಣಾ ಕಡತದಲ್ಲಿಲ್ಲ, ಕಾಗೋಡಿನ ಗದ್ದೆಗಳಲ್ಲಿದೆ. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಜಗಳದ ಮೂಲ. ಎಚ್. ಗಣಪತಿಯಪ್ಪನವರು ಕಟ್ಟಿದ್ದ ರೈತ ಸಂಘಕ್ಕೆ ಸಮಾಜವಾದಿ ಪಕ್ಷ ಬೆನ್ನಾಗಿ ನಿಂತಿತು. ಜೂನ್‌ನಲ್ಲಿ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಚುನಾವಣೆ ಬಂದದ್ದು ಅದಾಗಿ ಕೆಲವೇ ತಿಂಗಳಿಗೆ. ಇಂಥ ಹಿನ್ನೆಲೆ ಇಂದಾದರೆ ಕಡತದಲ್ಲೂ ಒಂದಿಷ್ಟು ಸಿಗುತ್ತದೆ: ಇಂದಿನ ಅಭ್ಯರ್ಥಿ ತನ್ನ ಮೇಲಿನ ಮೊಕದ್ದಮೆ, ಆಸ್ತಿ, ಓದು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಈ ನಿಯಮ ಬಂದದ್ದು ಈ ಶತಮಾನದ ಆರಂಭದಲ್ಲಿ, ಸುಪ್ರೀಂ ಕೋರ್ಟಿನ ತೀರ್ಪುಗಳ ಫಲವಾಗಿ. ಗೋಪಾಲಗೌಡರ ಕಾಲದ ಶಾಸಕರಿಗೆ ಅಂಥ ಕಾಗದವಿಲ್ಲ. ಅವರು ಜೈಲಿಗೆ ಹೋಗಿದ್ದರೆ ಏಕೆ ಹೋದರು ಎಂಬುದನ್ನು ಪತ್ರಿಕೆಗಳಲ್ಲಿ, ನೆನಪಿನ ಬರಹಗಳಲ್ಲಿ ಹುಡುಕಬೇಕು.

ಇನ್ನು ವೋಟು ಹಾಕಿದ ಬಗೆ. 1952ರಲ್ಲಿ ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಮತದಾರ ಮರೆಗೆ ಹೋಗಿ, ಗುರುತು ಹಾಕದ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯೊಳಗೆ ಇಳಿಬಿಡುತ್ತಿದ್ದ. ಅಕ್ಷರ ಬಾರದ ಗೇಣಿದಾರನಿಗೆ ಕಾಂಗ್ರೆಸ್ಸಿನ ಜೋಡೆತ್ತು, ಸಮಾಜವಾದಿಗಳ ಮರ ಕಂಡರೆ ಸಾಕು. ಒಂದೇ ಮತಪತ್ರದಲ್ಲಿ ಎಲ್ಲರ ಹೆಸರು, ಚಿಹ್ನೆ ಅಚ್ಚಾಗಿ, ಅದರ ಮೇಲೆ ಗುರುತು ಹಾಕುವ ಕ್ರಮ ನಮ್ಮಲ್ಲಿ ಬಂದದ್ದು 1962ರಲ್ಲಿ. ಹೀಗಾಗಿ ಗೋಪಾಲಗೌಡರ ಮೊದಲ ಗೆಲುವೂ ಎರಡನೆಯ ಗೆಲುವೂ ಬೇರೆ ಬೇರೆ ಪದ್ಧತಿಯಲ್ಲಿ ಬಂದವು. ಆಗ ಮತದಾನದ ವಯಸ್ಸು 21 ಎಂಬುದನ್ನೂ ನೆನಪಿಡಬೇಕು.

ಆ ನಾಲ್ಕರ ಜೊತೆಗೆ ದುಡ್ಡಿನ ವಿಚಾರವನ್ನೂ ನೋಡೋಣ. 1951ರ ಕಾಯ್ದೆಯಂತೆ ವಿಧಾನಸಭೆಗೆ ನಿಲ್ಲುವವರು 250 ರೂಪಾಯಿ ಠೇವಣಿ ಇಡಬೇಕಿತ್ತು. ಈಗ ಸಾಮಾನ್ಯ ಅಭ್ಯರ್ಥಿಗೆ 10,000. ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗವಾದರೂ ಸಿಗದಿದ್ದರೆ ಠೇವಣಿ ಹೋಗುತ್ತದೆ, ಅಂದೂ ಇಂದೂ. ಪ್ರಚಾರದ ಖರ್ಚಿಗೆ ಗೋಪಾಲಗೌಡರ ಬಳಿ ಹಣವಿರಲಿಲ್ಲ. ಒಂದು ವೋಟಿನ ಜೊತೆಗೆ ಒಂದು ನೋಟನ್ನೂ ಕೊಡಿ ಎಂದು ಅವರು ಜನರನ್ನೇ ಕೇಳಿದರು. ಮಲೆನಾಡಿನಲ್ಲಿ ಈ ಮಾತು ಇಂದಿಗೂ ಬದುಕಿದೆ. ನನಗೆ ಇದು ಬರೀ ಸ್ವಾರಸ್ಯದ ಕತೆಯಲ್ಲ. ಒಂದು ರೂಪಾಯಿ ಕೊಟ್ಟವನು ಅಭ್ಯರ್ಥಿಯನ್ನು ತನ್ನವನೆಂದುಕೊಳ್ಳುತ್ತಾನೆ, ಆಮೇಲೆ ಲೆಕ್ಕವನ್ನೂ ಕೇಳುತ್ತಾನೆ. ಚುನಾವಣೆಯ ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯಬೇಕು ಎಂಬುದನ್ನು ಇಷ್ಟು ಸರಳವಾಗಿ ಮಾಡಿ ತೋರಿಸಿದವರು ನಮ್ಮಲ್ಲಿ ಕಡಿಮೆ.

1957ರಲ್ಲಿ ಆರಿಸಿ ಬಂದವರ ಪಟ್ಟಿಯಲ್ಲಿ ಗೋಪಾಲಗೌಡರ ಹೆಸರಿಲ್ಲ. ತೀರ್ಥಹಳ್ಳಿಯಿಂದ ಆ ಸಲ ಗೆದ್ದದ್ದು ಕಾಂಗ್ರೆಸ್ಸಿನ ಕಡಿದಾಳ್ ಮಂಜಪ್ಪ, ಅದರ ಹಿಂದಿನ ವರ್ಷವಷ್ಟೇ ಕೆಲಕಾಲ ಮುಖ್ಯಮಂತ್ರಿಯಾಗಿದ್ದವರು. ಅದೇ ತೀರ್ಥಹಳ್ಳಿಯಿಂದ ಗೋಪಾಲಗೌಡರು 1962ರಲ್ಲಿ ಸದನಕ್ಕೆ ಮರಳಿದರು.

ಪಕ್ಷದ ಹೆಸರಿನ ಕಾಲಂನಲ್ಲಿ ಎಡವುವವರು ಹೆಚ್ಚು. ಸಮಾಜವಾದಿ ಪಕ್ಷ 1952ರ ಚುನಾವಣೆಯ ನಂತರ ಇನ್ನೊಂದು ಪಕ್ಷದೊಡನೆ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರಲ್ಲಿ ಲೋಹಿಯಾ ಬೇರೆಯಾದರು. 1964ರಲ್ಲಿ ಮತ್ತೆ ಕೂಡುವ ಯತ್ನ ನಡೆದು ಸಂಯುಕ್ತ ಸಮಾಜವಾದಿ ಪಕ್ಷ ಹುಟ್ಟಿತು, ಅದೂ ಬೇಗನೆ ಒಡೆಯಿತು. 1967ರ ಸಾಲಿನಲ್ಲಿ ಗೋಪಾಲಗೌಡರ ಹೆಸರಿನ ಮುಂದೆ ಈ ಸಂಯುಕ್ತ ಪಕ್ಷದ ಹೆಸರು ಕಂಡರೆ ಪಕ್ಷಾಂತರ ಎಂದು ಓದಬಾರದು. ಮನೆ ಒಡೆದು ಕೂಡುತ್ತಿತ್ತು, ಅವರು ಆ ಮನೆಯೊಳಗೇ ಇದ್ದರು.

ಸದನದ ಆಯುಷ್ಯ ಕೊನೆಯದು. 1967ರ ವಿಧಾನಸಭೆ ಐದು ವರ್ಷ ತುಂಬಿಸಲಿಲ್ಲ. 1971ರಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದು, ರಾಷ್ಟ್ರಪತಿ ಆಳ್ವಿಕೆ ಬಂದು, ಸದನ ವಿಸರ್ಜನೆಯಾಯಿತು. ಹದಿನೈದು ವರ್ಷದ ಲೆಕ್ಕ ಕರಗುವುದು ಇಲ್ಲಿ.

ಯಾವುದೇ ಮಾಜಿ ಶಾಸಕರ ಬಗ್ಗೆ ಹೀಗೆ ತಿಳಿಯಬೇಕೆಂದರೆ ಚುನಾವಣಾ ಆಯೋಗ ಪ್ರತಿ ಚುನಾವಣೆಗೂ ಪ್ರಕಟಿಸಿರುವ ಅಂಕಿಅಂಶ ವರದಿಯಿಂದ ಹೊರಡಿ. ಅಭ್ಯರ್ಥಿ, ಪಕ್ಷ, ಪಡೆದ ಮತ ಅಲ್ಲಿ ಸಿಗುತ್ತವೆ. ಆಮೇಲೆ ವಿಧಾನಸಭೆಯ ನಡಾವಳಿ ಸಂಪುಟಗಳಿಗೆ ಬನ್ನಿ. ಉಳುವವನಿಗೆ ಭೂಮಿ ಸಿಗಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಬೇಕು ಎಂದು ಗೋಪಾಲಗೌಡರು ಒತ್ತಾಯಿಸಿದ್ದು ಆ ಸದನದಲ್ಲಿ. ಎಷ್ಟು ಸಲ ಗೆದ್ದರೆಂಬುದಕ್ಕಿಂತ ಗೆದ್ದು ಹೋಗಿ ಏನು ಮಾತಾಡಿದರೆಂಬುದೇ ನನಗೆ ಮುಖ್ಯ.

ಅವರು 1972ರ ಜೂನ್ 9ರಂದು, 49ರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ಇನ್ನೊಬ್ಬ ಸಮಾಜವಾದಿ, ಕೋಣಂದೂರು ಲಿಂಗಪ್ಪನವರನ್ನು ಆರಿಸಿತ್ತು. ಮರುವರ್ಷ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ರದ್ದು ಮಾಡಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು.