ನಳದ ನೀರಿಗೆ ಲೆಕ್ಕವಿರಲಿ

ನೀವು ದುಂಡಸಿಯಲ್ಲಿರಿ, ಹುಬ್ಬಳ್ಳಿಯಲ್ಲಿರಿ, ನಳದ ನೀರಿಗೆ ತಿಂಗಳಿಗೆ ಇಷ್ಟೇ ರೂಪಾಯಿ ಎಂದು ಗೊತ್ತುಮಾಡಿದ್ದರೆ, ಹತ್ತು ಕೊಡ ಬಳಸಿದರೂ ನೂರು ಕೊಡ ಚೆಲ್ಲಿದರೂ ಬಿಲ್ಲು ಒಂದೇ. ಉಳಿಸಿದವರಿಗೆ ಅದರಿಂದ ಲಾಭವಿಲ್ಲ.

ಇದಕ್ಕೆ ಪರಿಹಾರ ಮೀಟರ್ ಮತ್ತು ಹಂತದ ದರ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಆಯ್ದ ವಾರ್ಡುಗಳಿಗೆ 24 ತಾಸು ನೀರು ಬಂದಾಗ ಮೀಟರೂ ಜೊತೆಗೇ ಬಂತು. ಬೆಂಗಳೂರಿನಲ್ಲಿ 2014ರಿಂದ 2025ರ ವರೆಗಿದ್ದ ಮನೆಬಳಕೆಯ ದರ ನೋಡಿ: ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ನಂತರ 25,000ದ ವರೆಗೆ 11, 50,000ದ ವರೆಗೆ 26, ಅದರಾಚೆ 45. ಒಳಚರಂಡಿ ಮುಂತಾದ ಶುಲ್ಕ ಬಿಟ್ಟು, 8,000 ಲೀಟರಿಗೆ 56 ರೂಪಾಯಿ, 30,000ಕ್ಕೆ 373. ನೀರು ನಾಲ್ಕು ಪಟ್ಟಿಗಿಂತ ಕಡಿಮೆ, ಹಣ ಆರು ಪಟ್ಟಿಗೂ ಹೆಚ್ಚು!

ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐವರ ಮನೆಗೆ ತಿಂಗಳಿಗೆ 8,250. ಇಷ್ಟಕ್ಕೆ ದರ ಅಗ್ಗವಿದ್ದರೆ ಬಡವರಿಗೆ ಹೊರೆಯಾಗದು. ಆದರೆ ಒಂದೇ ನಳಕ್ಕೆ ಮೂರು ಸಂಸಾರವಿದ್ದರೆ, ಮಿತವಾಗಿ ಬಳಸಿದರೂ ಮೇಲಿನ ದರ ಬೀಳುತ್ತದೆ. ಅಂಥಲ್ಲಿ ಸಂಸಾರಗಳನ್ನು ಎಣಿಸಿ ಹಂತವನ್ನು ಹಿಗ್ಗಿಸಬೇಕು.

ಬಿಲ್ಲು ಬಂದಾಗ ಹಣದ ಜೊತೆ ಲೀಟರನ್ನೂ ಓದಿ, ಹಿಂದಿನ ತಿಂಗಳೊಡನೆ ಹೋಲಿಸಿ. ತೊಟ್ಟಿ ತುಂಬಿ, ಎಲ್ಲ ನಳ ಬಂದ್ ಮಾಡಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದು ತಿಳಿಯಿರಿ. ಕೂಡಲೇ ರಿಪೇರಿ ಮಾಡಿಸಿರಿ.