ದೂರ ಪ್ರಯಾಣದ ಮೋಟಾರಿನಲ್ಲಿ ಬಂದೂಕು

ಪ್ರತಿವರ್ಷ ಸಪ್ಟಂಬರ ತಿಂಗಳ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬವು ಸಮೀಪಿಸುತ್ತಲೆ, ಬೆಂಗಳೂರು ಮೈಸೂರುಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ಕೊಡಗಿನ ಕುಟುಂಬಗಳು ಮೋಟಾರು ಹತ್ತಿ ಊರಿನ ದಾರಿ ಹಿಡಿಯುವವು. ಆ ಹಬ್ಬದಲ್ಲಿ ಹೂವೇರಿಸಿಕೊಂಡು ಪೂಜೆಗೊಳ್ಳುವದು ಮನೆಯ ಕೋವಿ. ಗಂಡುಕೂಸು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವುಳ್ಳ ಆ ನಾಡಿನಲ್ಲಿ ಕೋವಿಯು ಮನೆಯ ಮಂದಿಯಲ್ಲೊಬ್ಬನಂತೆ. ಆದುದರಿಂದ ಅದೂ ಅವರ ಸಂಗಡ 250 ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣವನ್ನು ಮಾಡುವದುಂಟು. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಮಲೆನಾಡಿನ ರೈತನು ಕೋವಿಯನ್ನು ದುರಸ್ತಿಗೆ ಒಯ್ಯುವನು; ಗುರಿಯ ಸ್ಪರ್ಧೆಗೆ ಹೋಗುವ ತರುಣರು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವರು. ಮನೆಯಲ್ಲಿ ಕಪಾಟಿಗೆ ಬೀಗ ಹಾಕಿ ಜೋಪಾನ ಮಾಡುವ ಅದೇ ವಸ್ತುವನ್ನು ದಾರಿಯಲ್ಲಿ ಹಿಂದಿನ ಆಸನದ ಮೇಲೆ ಕಂಬಳಿ ಮುಚ್ಚಿ ಮಲಗಿಸುವವರು ಅನೇಕರು. ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವದು ಅವಶ್ಯವೆಂದು ನಮಗೆ ತೋರಿದೆ.

ಶಸ್ತ್ರದ ಕಾಯದೆಯೆಂದರೆ ನಮ್ಮ ಜನರಿಗೆ ಒಂದು ಹಳೆಯ ಕಹಿಯುಂಟು. 1878ರಲ್ಲಿ ಲಾರ್ಡ್ ಲಿಟ್ಟನ್ನನ ಆಡಳಿತವು ತಂದ ಕಾಯದೆಯು ಯುರೋಪಿಯನ್ನರನ್ನು ಹೊರಗಿಟ್ಟು ಭಾರತೀಯರನ್ನು ಮಾತ್ರ ನಿಃಶಸ್ತ್ರರನ್ನಾಗಿ ಮಾಡಿತು. 1931ರ ಕರಾಚಿ ಕಾಂಗ್ರೆಸು ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಧರಿಸುವ ಹಕ್ಕನ್ನೂ ಸೇರಿಸಿತ್ತೆಂಬುದನ್ನು ಇಂದಿನ ವಾಚಕರಲ್ಲಿ ಹಲವರು ಮರೆತಿರಬಹುದು. ಸ್ವತಂತ್ರ ಭಾರತವು 1959ರಲ್ಲಿ ತನ್ನದೇ ಕಾಯದೆಯನ್ನು ಮಾಡಿಕೊಂಡಿತು; 2016ರಲ್ಲಿ ಅದರ ನಿಯಮಗಳು ಹೊಸದಾದವು; 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರರು ಹೇರಿದ ಕಟ್ಟಳೆಯನ್ನು ಧಿಕ್ಕರಿಸುವದು ಒಂದು ಕಾಲಕ್ಕೆ ಪೌರುಷವಾಗಿದ್ದಿರಬಹುದು. ನಾವೇ ಮಾಡಿಕೊಂಡ ಕಟ್ಟಳೆಯ ವಿಷಯದಲ್ಲಿ ಆ ಮಾತು ಸಲ್ಲದು.

ಕೊಡಗಿನ ಸಂಗತಿ ಬೇರೆ. 1861ರಿಂದ ಅಲ್ಲಿನ ಜನರಿಗೆ ಲಭಿಸುತ್ತ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರ ಅಕ್ಟೋಬರಿನಲ್ಲಿ ಪುನಃ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ 31ರ ವರೆಗೆ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಸಪ್ಟಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿಯು ಪರವಾನಗಿಯಿಂದ ವಿನಾಯಿತಿಯೇ ಹೊರತು ಎಚ್ಚರಿಕೆಯಿಂದ ಅಲ್ಲ. ಅಜಾಗರೂಕತೆಯಿಂದಾಗಲಿ ಸಂಭ್ರಮಕ್ಕಾಗಲಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದವನಿಗೆ ಎರಡು ವರ್ಷಗಳ ವರೆಗಿನ ಸೆರೆ, ಒಂದು ಲಕ್ಷ ರೂಪಾಯಿಯ ವರೆಗಿನ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿಯು ಹೇಳುವದು. ವಿನಾಯಿತಿಯ ಪತ್ರವನ್ನಾಗಲಿ ಪರವಾನಗಿಯನ್ನಾಗಲಿ ಹೊರಡುವ ಮೊದಲು ಒಮ್ಮೆ ಓದತಕ್ಕದ್ದು. ಪರವಾನಗಿಯು ಜಿಲ್ಲೆಗೆ ಸಾಕೋ, ರಾಜ್ಯಕ್ಕೋ, ಇಡೀ ದೇಶಕ್ಕೋ ಎಂಬುದು ಅದರ ಮೇಲೆಯೇ ಬರೆದಿರುವದು. ಗಡಿಯ ತಪಾಸಣಾ ಠಾಣೆಯಲ್ಲಿ ನಿಂತು ಅದನ್ನು ಮೊದಲ ಬಾರಿ ಓದುವದು ಸುಖಕರವಲ್ಲ.

ದಾರಿಯ ಆಯ್ಕೆಯಲ್ಲಿ ಬಹುಜನರು ಯೋಚಿಸದೆ ಬಿಡುವ ಒಂದು ಅಂಶವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಮೇರೆಗೆ ಅಭಯಾರಣ್ಯದಲ್ಲಿಯೂ ರಾಷ್ಟ್ರೀಯ ಉದ್ಯಾನದಲ್ಲಿಯೂ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಪೂರ್ವಾನುಮತಿಯಿಲ್ಲದೆ ಶಸ್ತ್ರದೊಡನೆ ಪ್ರವೇಶಿಸಲಾಗದು. ನಾಗರಹೊಳೆಯ ಒಳದಾರಿಯಲ್ಲಿ ಕುಟ್ಟಕ್ಕೆ ಹೋಗುವವನೂ, ಬಂಡೀಪುರದ ಮೂಲಕ ಹಾಯುವವನೂ ‘ಕೋವಿ ಪೆಟ್ಟಿಗೆಯೊಳಗೇ ಇತ್ತು, ತೋಟಾ ಬೇರೆ ಇತ್ತು’ ಎಂದು ಹೇಳಿ ಪಾರಾಗುವೆನೆಂದು ಭಾವಿಸುವದು ತಪ್ಪು. ಕಾಡುದಾರಿಯಲ್ಲಿ ಕೋವಿಯೊಡನೆ ಸಿಕ್ಕವನನ್ನು ಅರಣ್ಯದ ಕಾವಲುಗಾರನು ಮೊದಲು ಬೇಟೆಗಾರನೆಂದೇ ಬಗೆಯುವನು. ಅವನ ಮೇಲೆ ದೋಷ ಹೊರಿಸಲಾಗದು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಹೆದ್ದಾರಿಯಿರುವಾಗ ಕೋವಿಯಿರುವ ದಿನ ಆ ದಾರಿಯಲ್ಲಿಯೇ ಹೋಗತಕ್ಕದ್ದು. ಆನೆ ನೋಡುವ ಆಸೆಯನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಬಹುದು.

ಇನ್ನು ಕೋವಿಯನ್ನು ಇಡುವ ಕ್ರಮ. ಮೋಟಾರಿನೊಳಗೆ ತುಂಬಿದ ಕೋವಿ ಇರಲೇಕೂಡದು. ಇದರಲ್ಲಿ ‘ಆದರೆ’ ಎಂಬ ಮಾತಿಗೆ ಎಡೆಯಿಲ್ಲ. ಕಾಡುಹಂದಿ ಕಂಡರೆ ಬೇಕಾದೀತೆಂದು ಜೀಪಿನಲ್ಲಿ ತುಂಬಿದ ಕೋವಿಯನ್ನು ನಿಲ್ಲಿಸಿಕೊಂಡು ಹೋಗುವ ದುರಭ್ಯಾಸವು ಮಲೆನಾಡಿನಲ್ಲಿ ಇನ್ನೂ ಅಳಿದಿಲ್ಲ. ಗುಂಡಿಯ ದಾರಿಯಲ್ಲಿ ಜೀಪು ನೆಗೆದಾಗ, ಅಥವಾ ನಳಿಗೆಯನ್ನು ಹಿಡಿದು ತನ್ನತ್ತ ಎಳೆದುಕೊಂಡಾಗ ಕುದುರೆಗೆ ಏನಾದರೂ ತಗುಲಿದರೆ ಸಾಕು. ಎರಡು ನಳಿಗೆಯ ತೋಟಾ ಕೋವಿಯಾದರೆ ಅದನ್ನು ಮಡಿಸಿ, ತೋಟಾಗಳನ್ನು ತೆಗೆದು, ಎರಡೂ ನಳಿಗೆಗಳ ತುದಿಯ ವರೆಗೆ ಬೆಳಕು ಹಾಯುವದನ್ನು ಕಣ್ಣಾರೆ ನೋಡಿ, ಬಳಿಕ ನಳಿಗೆಯನ್ನೂ ಮರದ ಹಿಡಿಯನ್ನೂ ಬೇರ್ಪಡಿಸಿ ಪೆಟ್ಟಿಗೆಯಲ್ಲಿಡಬೇಕು. ರೈಫಲಾದರೆ ಬೋಲ್ಟನ್ನು ತೆಗೆದು ಬೇರೆ ಕಡೆ ಇಡುವದು ಉತ್ತಮ. ಹೆಚ್ಚಿನ ಭಯವಿರುವದು ಹಳೆಯ ಕೇಪಿನ ಕೋವಿಯಲ್ಲಿ. ಬಾಯಿಯಿಂದ ಮದ್ದು ಚರೆಗಳನ್ನು ತುಂಬುವ ಆ ಕೋವಿಯು ತುಂಬಿದೆಯೋ ಬರಿದಾಗಿದೆಯೋ ಹೊರಗಿನಿಂದ ತಿಳಿಯದು. ಕೇಪನ್ನು ತೆಗೆದ ಮಾತ್ರಕ್ಕೆ ಬರಿದಾಗಲೂ ಇಲ್ಲ. ಗಜವನ್ನು ನಳಿಗೆಯೊಳಗೆ ಇಳಿಸಿ, ಅದು ತಳಮುಟ್ಟ ಹೋಗುವದೋ ನಡುವೆ ನಿಲ್ಲುವದೋ ಎಂದು ಹೊರಗಿನ ಅಳತೆಯೊಡನೆ ತಾಳೆ ನೋಡುವದೇ ಅದಕ್ಕಿರುವ ಪರೀಕ್ಷೆ. ಅಜ್ಜನ ಕಾಲದ ಕೋವಿಯನ್ನು ಅಟ್ಟದಿಂದ ಇಳಿಸಿ ಮೋಟಾರಿಗೆ ಹಾಕುವ ಮೊಮ್ಮಕ್ಕಳು ಇದನ್ನು ಮರೆಯಬಾರದು.

ಪೆಟ್ಟಿಗೆಯು ಗಟ್ಟಿಯಾಗಿರಬೇಕು, ಬೀಗವುಳ್ಳದ್ದಾಗಿರಬೇಕು, ಒಳಗೇನಿದೆಯೆಂದು ಆಕಾರದಿಂದಲೇ ಸಾರುವಂತಹದಾಗಿರಬಾರದು. ಡಿಕ್ಕಿಯು ಬೇರೆಯಾಗಿರುವ ಕಾರಿನಲ್ಲಿ ಅದಕ್ಕೆ ಡಿಕ್ಕಿಯೇ ಸ್ಥಾನ. ಆದರೆ ಇಂದು ನಮ್ಮ ರಸ್ತೆಗಳಲ್ಲಿ ಓಡುವ ಚಿಕ್ಕ ಕಾರುಗಳಲ್ಲಿಯೂ ಜೀಪುಗಳಲ್ಲಿಯೂ ಹಿಂಬದಿಯ ಸ್ಥಳವು ಆಸನಗಳಿಗೆ ತೆರೆದೇ ಇರುವದು. ಹಿಂದೆ ಕುಳಿತ ಹುಡುಗನ ಕೈ ಅಲ್ಲಿಗೆ ಸಲೀಸಾಗಿ ತಲುಪುವದು. ಅಮೇರಿಕೆಯ 1986ರ ಸಂಯುಕ್ತ ಕಾಯದೆಯು ಈ ತೊಡಕನ್ನು ಯೋಚಿಸಿದೆ. ರಾಜ್ಯದಿಂದ ರಾಜ್ಯಕ್ಕೆ ಸಾಗುವ ಪ್ರಯಾಣಿಕನ ಬಂದೂಕು ತುಂಬಿರಬಾರದು, ಬಂದೂಕಾಗಲಿ ತೋಟಾಗಲಿ ಕುಳಿತವರ ಕೈಗೆ ನೇರವಾಗಿ ಎಟುಕಬಾರದು, ಡಿಕ್ಕಿಯು ಬೇರೆಯಾಗಿಲ್ಲದ ಗಾಡಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಯೇ ಇರಬೇಕು. ಮುಂದಿನ ಖಾನೆಗೆ ಬೀಗವಿದ್ದರೂ ಅದು ಲೆಕ್ಕಕ್ಕಿಲ್ಲ ಎಂದು ಅದು ಹೇಳುವದು. ಬಂದೂಕಿನ ವಿಷಯದಲ್ಲಿ ಆ ದೇಶವನ್ನು ಗುರುವೆಂದು ನಾವು ಎಂದಿಗೂ ಸ್ವೀಕರಿಸಲಾರೆವು; ಈ ಒಂದು ಪಾಠವನ್ನು ಮಾತ್ರ ಸ್ವೀಕರಿಸಬಹುದು. ಪೆಟ್ಟಿಗೆಯನ್ನು ಉಕ್ಕಿನ ಹಗ್ಗದಿಂದ ಆಸನದ ಕಬ್ಬಿಣದ ಚೌಕಟ್ಟಿಗೆ ಬಿಗಿದರೆ ಕಳ್ಳನಿಗೂ ಕಷ್ಟ, ಅಪಘಾತದಲ್ಲಿ ಅದು ಹಾರಿ ತಲೆಗೆ ಬಡಿಯುವ ಭಯವೂ ಇಲ್ಲ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇರತಕ್ಕದ್ದು.

ಎಷ್ಟೇ ಭದ್ರವಾಗಿಟ್ಟರೂ ಮೋಟಾರು ತಿಜೋರಿಯಲ್ಲ. ಅದರ ಗೋಡೆ ಗಾಜಿನದು. ಅಮೇರಿಕೆಯ ನೂರಾರು ನಗರಗಳ 2022ರ ಪೋಲೀಸ ವರದಿಗಳನ್ನು ಕೂಡಿಸಿ ನೋಡಿದಾಗ, ಕಳುವಾದ ಬಂದೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೋಟಾರುಗಳಿಂದಲೇ ಹೋದವೆಂದು ಕಂಡುಬಂದಿತು. ಕಾಲರಾಡೊ ರಾಜ್ಯವು 2025ರ ಆರಂಭದಿಂದ, ಜನರಿಲ್ಲದ ಗಾಡಿಯಲ್ಲಿ ಬಿಟ್ಟ ಕೈಬಂದೂಕು ಬೀಗದ ಗಟ್ಟಿ ಪೆಟ್ಟಿಗೆಯಲ್ಲಿಯೇ ಇರಬೇಕೆಂದು ವಿಧಿಸಿದೆ. ನಮ್ಮ 2016ರ ನಿಯಮಗಳ ಆಶಯವು ಇನ್ನೂ ಬಿಗಿಯಾದುದು: ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿಯೂ ಇರಬೇಕು. ಊಟಕ್ಕೆ ನಿಲ್ಲುವಲ್ಲಿ ಇಬ್ಬರಿದ್ದರೆ ಸರದಿಯಂತೆ ಇಳಿಯಲಿ. ಒಬ್ಬನೇ ಇದ್ದರೆ ಬುತ್ತಿ ಕಟ್ಟಿಕೊಂಡು ಹೋಗುವದು ಲೇಸು. ರಾತ್ರಿ ತಂಗುವದಾದರೆ ಪೆಟ್ಟಿಗೆಯು ಕೋಣೆಗೇ ಹೋಗಬೇಕು. ದೊಡ್ಡ ಹೊಟೆಲುಗಳ ಬಾಗಿಲಲ್ಲಿ ಕೀಲಿಕೈಯನ್ನು ಅಪರಿಚಿತ ನೌಕರನಿಗೆ ಒಪ್ಪಿಸಿ ಒಳಗೆ ನಡೆಯುವ ಹೊಸ ಪದ್ಧತಿಯಿದೆಯಷ್ಟೆ. ಬಂದೂಕಿರುವ ದಿನ ಅದು ನಿಷಿದ್ಧ. ಗಾಡಿ ಕೆಟ್ಟು ದುರಸ್ತಿಯ ಅಂಗಡಿಗೆ ಹೋದರೂ ಅದೇ ಮಾತು.

ಬಾಡಿಗೆಯ ಸಾರಥಿಯ ಕೈಯಲ್ಲಿ ಕೋವಿಯನ್ನು ಊರಿಗೆ ಕಳುಹಿಸುವವರೂ ಇದ್ದಾರೆ. ಪರವಾನಗಿಯುಳ್ಳವನ ಸಮಕ್ಷಮದಲ್ಲಿ, ಇಲ್ಲವೆ ಅವನ ಲಿಖಿತ ಅಧಿಕಾರದಿಂದ, ದುರಸ್ತಿಗೋ ಪರವಾನಗಿಯ ನವೀಕರಣಕ್ಕೋ ಅವನ ಉಪಯೋಗಕ್ಕೋ ಮಾತ್ರ ಇನ್ನೊಬ್ಬನು ಒಯ್ಯಬಹುದೆಂದು ಕಾಯದೆಯ ಮೂರನೆಯ ಕಲಮು ಹೇಳುವದು. ಬಾಯಿಮಾತಿನ ಅಪ್ಪಣೆಯಿಂದ ಒಬ್ಬನೇ ಹೊರಟ ಸಾರಥಿಯು ಠಾಣೆಯಲ್ಲಿ ಕೂಡುವನು, ಮಾಲಕನು ಮನೆಯಲ್ಲಿರುವನು. ಬಡವನನ್ನು ಈ ಸಂಕಟಕ್ಕೆ ಗುರಿಮಾಡುವದು ನಮಗೆ ಒಪ್ಪಿಗೆಯಿಲ್ಲ.

ತಪಾಸಣೆಗೆ ಪೋಲೀಸರು ತಡೆದರೆ ಅವರು ಕೇಳುವ ಮೊದಲೆ, ಕೈಗಳನ್ನು ಕಾಣುವಂತಿಟ್ಟುಕೊಂಡು, ಬಂದೂಕು ಎಲ್ಲಿದೆಯೆಂದು ಹೇಳಿ ಕಾಗದಗಳನ್ನು ಕೊಡತಕ್ಕದ್ದು. ಪೆಟ್ಟಿಗೆಯನ್ನು ಅವರು ತೆರೆಯೆಂದ ಮೇಲೆಯೇ ಮುಟ್ಟತಕ್ಕದ್ದು. ಬಂದೂಕಿನ ಸಂಖ್ಯೆಯನ್ನು ಮನೆಯ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದರೆ, ಕಳವಾದಾಗ ಹತ್ತಿರದ ಠಾಣೆಗೆ ಕೂಡಲೆ ತಿಳಿಸುವದು ಸುಲಭ. ಹಾಗೆ ತಿಳಿಸುವದು ಪರವಾನಗಿಯ ಕರಾರೇ ಆಗಿದೆ.

ಬಿಸಿಲಲ್ಲಿ ನಿಂತ ಮೋಟಾರಿನಲ್ಲಿ ತೋಟಾಗಳು ತಾವಾಗಿಯೇ ಸಿಡಿದಾವೆಂದು ಕೆಲವರು ಅಂಜುವರು. ಮುಚ್ಚಿದ ಗಾಡಿಯೊಳಗಿನ ಉಷ್ಣವು ಒಂದು ತಾಸಿನಲ್ಲಿ ಹೊರಗಿಗಿಂತ 20 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಏರಬಲ್ಲದು ನಿಜ. ಆದರೆ ತೋಟಾ ಸಿಡಿಯಲು ಅದಕ್ಕಿಂತ ಬಹಳ ಹೆಚ್ಚಿನ ಉಷ್ಣ ಬೇಕು. ಬಿಸಿಯಲ್ಲಿ ಬಹುದಿನ ಬಿದ್ದರೆ ಮದ್ದಿನ ಗುಣ ಕೆಡುವದು, ಅಷ್ಟೆ. ನಮ್ಮ ಕಡೆ ನಿಜವಾದ ಶತ್ರು ತೇವ. ಕೈಲ್‌ಪೊಳ್ದಿನ ಕಾಲಕ್ಕೆ ಕೊಡಗಿನಲ್ಲಿ ಮಳೆ ಇನ್ನೂ ಬಿಟ್ಟಿರುವದಿಲ್ಲ. ಒಳಗೆ ಮೆತ್ತೆ ಹಾಕಿದ ಪೆಟ್ಟಿಗೆಯೂ ಚರ್ಮದ ಚೀಲವೂ ನೀರನ್ನು ಹೀರಿಕೊಂಡು ನಳಿಗೆಗೆ ತುಕ್ಕು ತರುವವು. ಊರು ಮುಟ್ಟಿದ ಸಂಜೆಯೇ ಕೋವಿಯನ್ನು ಹೊರತೆಗೆದು, ಬರಿದಾಗಿದೆಯೆಂದು ಮತ್ತೊಮ್ಮೆ ನೋಡಿ, ಒಣಬಟ್ಟೆಯಿಂದ ಒರಸಿ, ತೆಳ್ಳಗೆ ಎಣ್ಣೆ ಸವರಿ ಕಪಾಟಿಗೆ ಸೇರಿಸಬೇಕು. ಚೀಲವನ್ನು ಒಲೆಯ ಹತ್ತಿರ ಬೇರೆಯಾಗಿ ಒಣಗಹಾಕಬಹುದು.