ಹೊರೆ ಬಿಡಿಸಲು ಬಂದರೆ ಪರ್ಮಿಟ್ ಇಲ್ಲ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಯಾವ ವಾಹನ ಓಡಬಾರದು ಎಂಬ ಪಟ್ಟಿ 2023ರ ಆಗಸ್ಟ್ 1ರಿಂದ ಜಾರಿಗೆ ಬಂತು. ಬೈಕು, ಆಟೊ, ಎತ್ತಿನ ಗಾಡಿ, ಟ್ರೈಲರ್ ಇದ್ದರೂ ಇಲ್ಲದಿದ್ದರೂ ಟ್ರ್ಯಾಕ್ಟರ್: ಇವುಗಳ ವಿಷಯ ಮದ್ದೂರು ಸೀಮೆಯ ಪ್ರತಿ ಚಹಾ ಅಂಗಡಿಯಲ್ಲೂ ಚರ್ಚೆಯಾಯಿತು. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು. ಅದು ಹಲವು ಆಕ್ಸಲ್‌ಗಳ ಹೈಡ್ರಾಲಿಕ್ ಟ್ರೈಲರ್. ಟ್ರಾನ್ಸ್‌ಫಾರ್ಮರ್, ಬಾಯ್ಲರ್, ಸೇತುವೆಯ ಗರ್ಡರ್ ಹೊತ್ತು ಆಮೆಯಂತೆ ತೆವಳುವ, ಟೈರು ಎಣಿಸಲು ಹೋದರೆ ಲೆಕ್ಕ ತಪ್ಪುವ ಆ ಗಾಡಿಯ ಬಗ್ಗೆ ಯಾರೂ ಮಾತಾಡಲಿಲ್ಲ.

ಹೀಗಾಗಿ ಶಿವಪುರದ ಕಡೆ ಕಬ್ಬಿನ ಟ್ರ್ಯಾಕ್ಟರೂ ಈ ದೈತ್ಯ ಟ್ರೈಲರೂ ಒಂದೇ ಪಕ್ಕದ ರಸ್ತೆಯ ಪಾಲಾದವು. ಎರಡನ್ನೂ ಒಟ್ಟಿಗೆ ನೋಡಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ರಸ್ತೆ ತುಂಬ ಹರಡಿಕೊಂಡ ಲೋಡಿಗೆ ಪೊಲೀಸರೇ ದಾರಿ ಬಿಡಿಸಿ ಕಳಿಸುತ್ತಾರೆ, ನಮ್ಮ ಕಬ್ಬು ಎರಡು ಟನ್ ಹೆಚ್ಚಾದರೆ ಯಾಕೆ ದಂಡ? ರೈತನ ಈ ಪ್ರಶ್ನೆಗೆ ನ್ಯಾಯವಾದ ಉತ್ತರವಿದೆ. ಆದರೆ ಅದನ್ನು ಬಿಡಿಸಿ ಹೇಳುವವರು ಕಡಿಮೆ.

ಉತ್ತರ ಒಂದೇ ಮಾತಿನಲ್ಲಿದೆ: ಹೊರೆಯನ್ನು ಬಿಡಿಸಲು ಸಾಧ್ಯವೇ? ನೂರು ಟನ್ನಿನ ಟ್ರಾನ್ಸ್‌ಫಾರ್ಮರನ್ನು ಎರಡು ತುಂಡು ಮಾಡಿ ಎರಡು ಲಾರಿಯಲ್ಲಿ ಕಳಿಸಲಾಗದು. ಕಬ್ಬು, ಮರಳು, ಜಲ್ಲಿ, ಸಿಮೆಂಟು, ಬೆಲ್ಲ, ಭತ್ತದ ಹುಲ್ಲು ಇವನ್ನೆಲ್ಲ ಎರಡು ಟ್ರಿಪ್ಪಿನಲ್ಲಿ ಸಾಗಿಸಬಹುದು. ವಿಶೇಷ ಅನುಮತಿ ಹುಟ್ಟಿರುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಎಷ್ಟು ಶುಲ್ಕ ಕಟ್ಟುತ್ತೇನೆಂದರೂ ಅನುಮತಿ ಇಲ್ಲ.

ಬಿಡಿಸಲಾಗದ ಹೊರೆ ಈ ಸೀಮೆಗೆ ಹೊಸತಲ್ಲ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಶಿವಪುರಕ್ಕೆ ಜನ ಸೇರುವುದಕ್ಕೂ ಮೂರೂವರೆ ದಶಕ ಮೊದಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳು ಬಂದಿದ್ದವು. ಜನರೇಟರು ಅಮೆರಿಕದ್ದು, ಟರ್ಬೈನು ಸ್ವಿಟ್ಜರ್ಲೆಂಡಿನದು. ಹಡಗು, ರೈಲು ಇಳಿದ ಮೇಲೆ ಕೊನೆಯ ದಾರಿಯಲ್ಲಿ ಅವನ್ನು ಎಳೆದದ್ದು ಮೂಕ ಪ್ರಾಣಿಗಳು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಂಥ ಯಂತ್ರ ಇಂದು ಬಂದರೆ ಎಷ್ಟು ಕಚೇರಿಗಳ ಕಾಗದ ಬೇಕಾಗುತ್ತದೆ ಎಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಸಾಮಾನ್ಯ ಲಾರಿಯ ಮಿತಿ ಏನು ಎಂಬುದು ತಿಳಿದಿರಬೇಕು.

ಅಳತೆಯ ಮಿತಿಗಳು ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಲ್ಲಿವೆ. ಲಾರಿಯ ಅಗಲ 2.6 ಮೀಟರ್ ಮೀರಬಾರದು. ಟ್ರೈಲರ್ ಇಲ್ಲದ ಲಾರಿಯ ಉದ್ದ 12 ಮೀಟರ್ ಮೀರಬಾರದು. ಎತ್ತರ ಮೊದಲು 3.8 ಮೀಟರ್ ಇತ್ತು, 2020ರಲ್ಲಿ 4 ಮೀಟರ್ ಆಯಿತು. ಹೊರೆ ಬಾಡಿಯಿಂದ ಪಕ್ಕಕ್ಕೂ ಮುಂದಕ್ಕೂ ಹಿಂದಕ್ಕೂ ಚಾಚಬಾರದು. ಹಿಂದೆ ಕಂಬ, ಕಬ್ಬಿಣದ ಸರಳಿನಂಥವು ಹಿಂಬದಿಗೆ ಒಂದು ಮೀಟರ್ ಚಾಚಲು ವಿನಾಯಿತಿ ಇತ್ತು. ಕತ್ತಲಲ್ಲಿ ಹಿಂದಿನಿಂದ ಬಂದ ಎಷ್ಟೋ ವಾಹನಗಳೊಳಕ್ಕೆ ಆ ಸರಳು ನುಗ್ಗಿ ಜೀವ ತೆಗೆದ ಮೇಲೆ 2014ರಲ್ಲಿ ಆ ವಿನಾಯಿತಿ ರದ್ದಾಯಿತು. ಇಷ್ಟಾದರೂ ಸರಳಿನ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಸಾಕು ಎಂದು ನಂಬಿರುವ ಚಾಲಕರು ಈಗಲೂ ಇದ್ದಾರೆ. ಅದು ಸಾಲದು.

ತೂಕದ ಮಿತಿಯನ್ನು ಆಕ್ಸಲ್ ಲೆಕ್ಕದಲ್ಲಿ ಹೇಳುತ್ತಾರೆ. 2018ರ ಜುಲೈನಲ್ಲಿ ಕೇಂದ್ರ ಈ ಮಿತಿಗಳನ್ನು ಏರಿಸಿತು. ಎರಡು ಟೈರಿನ ಮುಂದಿನ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 11.5 ಟನ್. ಎರಡನ್ನೂ ಕೂಡಿಸಿದರೆ ಆರು ಚಕ್ರದ ಲಾರಿಗೆ ಗಾಡಿ, ಮಾಲು ಎಲ್ಲ ಸೇರಿ 18.5 ಟನ್. ಆಕ್ಸಲ್ ಹೆಚ್ಚಿದಂತೆ ಮಿತಿ ಏರುತ್ತದೆ, ಆದರೂ ಅತಿ ದೊಡ್ಡ ಟ್ರೈಲರ್ ಲಾರಿಗೂ 55 ಟನ್ನೇ ಕೊನೆ. ನಿಮ್ಮ ಗಾಡಿಯ ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕ ಇದಕ್ಕಿಂತ ಕಡಿಮೆಯಿದ್ದರೆ ಆರ್‌ಸಿಯ ಅಂಕಿಯೇ ಅಂತಿಮ.

ಮೀರಿದರೆ ಏನಾಗುತ್ತದೆ? ಮೋಟಾರು ವಾಹನ ಕಾಯ್ದೆಯ 194ನೇ ಕಲಂಗೆ 2019ರಲ್ಲಿ ತಿದ್ದುಪಡಿಯಾಯಿತು. ತೂಕ ಹೆಚ್ಚಾದರೆ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. 18.5 ಟನ್ನಿನ ಲಾರಿ 22.5 ಟನ್ ತೂಗಿದರೆ ಕಾಯ್ದೆಯ ಲೆಕ್ಕದಲ್ಲಿ 28,000 ರೂಪಾಯಿ. ದಂಡ ಕಟ್ಟಿ ಹಾಗೇ ಮುಂದೆ ಹೋಗುವಂತಿಲ್ಲ. ಹೆಚ್ಚಿನ ಮಾಲು ಇಳಿಸಬೇಕು, ಇಳಿಸುವ ಕೂಲಿಯೂ ನಿಮ್ಮದೇ, ಇಳಿಸಿದ ಮಾಲಿನ ಕಾವಲೂ ನಿಮ್ಮದೇ. ಹೊರೆ ಪಕ್ಕಕ್ಕೋ ಹಿಂದಕ್ಕೋ ಎತ್ತರಕ್ಕೋ ಮಿತಿ ಮೀರಿ ಚಾಚಿದ್ದರೆ ಅದಕ್ಕೆ ಬೇರೆಯೇ 20,000. ತೂಕ ಮಾಡಿಸಲು ನಿಲ್ಲದೆ ಹೋದರೆ 40,000. ಚಾಲಕನ ಲೈಸೆನ್ಸು ಅಮಾನತಾಗುವ ಅಪಾಯ ಇದರ ಮೇಲೆ.

ಕಾಯ್ದೆಯ ಇನ್ನೊಂದು ಮಾತು ಚಾಲಕರಿಗೆ ಗೊತ್ತಿರಬೇಕು. ಶಿಕ್ಷೆ ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಹೇಳಿದವನಿಗೂ ಬಿಟ್ಟವನಿಗೂ ಅನ್ವಯಿಸುತ್ತದೆ. 113ನೇ ಕಲಂ ಪ್ರಕಾರ ಚಾಲಕ ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ತಿಳಿದೇ ಅಥವಾ ಅವನ ಅಪ್ಪಣೆಯಿಂದಲೇ ಇದು ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು. ಸಂಬಳದ ಚಾಲಕನ ತಲೆಗೆ ಎಲ್ಲವನ್ನೂ ಕಟ್ಟುವ ರೂಢಿಗೆ ಕಾನೂನಿನ ಬೆಂಬಲವಿಲ್ಲ.

ಇನ್ನು ಅನುಮತಿಯ ವಿಷಯ. ಅಳತೆ ಮೀರಿದ ಹೊರೆಯನ್ನು ಲಾರಿಯವರು 'ಓಡಿಸಿ' ಎನ್ನುತ್ತಾರೆ. ಓವರ್ ಡೈಮೆನ್ಷನ್ ಕನ್‌ಸೈನ್‌ಮೆಂಟ್ ಎಂಬುದರ ಮೊದಲಕ್ಷರಗಳವು. ಸಕ್ಷಮ ಪ್ರಾಧಿಕಾರ ಇಂಥದ್ದೇ ಹೊರೆ ಎಂದು ಹೆಸರಿಸಿ ಬರವಣಿಗೆಯಲ್ಲಿ ವಿನಾಯಿತಿ ಕೊಟ್ಟಿದ್ದರೆ ಚಾಚಿದ ಹೊರೆಯ ದಂಡ ಅನ್ವಯಿಸದು ಎಂದು 194ನೇ ಕಲಮೇ ಹೇಳುತ್ತದೆ. ವಿನಾಯಿತಿ ಸಿಗುವುದು ಗಾಡಿಗಲ್ಲ, ಆ ಒಂದು ಹೊರೆಗೆ. ಹೋದ ತಿಂಗಳ ಕಾಗದ ತೋರಿಸಿ ಈ ತಿಂಗಳು ಬೇರೆ ಮಾಲು ಹೊರುವಂತಿಲ್ಲ.

ಅನುಮತಿ ಕೊಡುವವರು ಒಬ್ಬರೇ ಅಲ್ಲ, ಏಕೆಂದರೆ ರಸ್ತೆಯ ಒಡೆಯ ಒಬ್ಬನಲ್ಲ. ಸಂವಿಧಾನದ ಪಟ್ಟಿಗಳ ಪ್ರಕಾರ ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಉಳಿದ ರಸ್ತೆಗಳು ರಾಜ್ಯದವು, ಮೋಟಾರು ವಾಹನಗಳ ಕಾನೂನು ಇಬ್ಬರಿಗೂ ಸೇರಿದ್ದು. ಹೆದ್ದಾರಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಆನ್‌ಲೈನ್ ಅರ್ಜಿ. ಹೆದ್ದಾರಿ ಬಿಟ್ಟು ಮಳವಳ್ಳಿಯ ಕಡೆಗೋ ಕಾರ್ಖಾನೆಯ ಕಡೆಗೋ ತಿರುಗಿದರೆ ರಸ್ತೆಗೆ ಅನುಗುಣವಾಗಿ ಲೋಕೋಪಯೋಗಿ ಇಲಾಖೆ ಅಥವಾ ಪಂಚಾಯತ್ ರಾಜ್ ಎಂಜಿನಿಯರು. ವಾಹನದ ವಿಷಯಕ್ಕೆ ಸಾರಿಗೆ ಇಲಾಖೆ. ದಾರಿಗೆ ಅಡ್ಡವಾಗಿ ವಿದ್ಯುತ್ ತಂತಿ ತಗ್ಗಿನಲ್ಲಿದ್ದರೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಲೈನ್‌ಮನ್ನು ಬಂದು 'ಎಲ್‌ಸಿ' ತೆಗೆದುಕೊಂಡು, ಅಂದರೆ ಲೈನ್ ಆಫ್ ಮಾಡಿಸಿ, ತಂತಿ ಎತ್ತಬೇಕು. ರೈಲ್ವೆ ಗೇಟು ಬಂದರೆ ರೈಲ್ವೆಯ ಒಪ್ಪಿಗೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಗೇಟಿನ ಎರಡು ಬದಿಯಲ್ಲಿ ನಿಲ್ಲಿಸಿರುವ ಎತ್ತರದ ಕಮಾನು ಅದಕ್ಕಾಗಿಯೇ ಇದೆ.

ಅರ್ಜಿಯ ಜೊತೆ ಹೊರೆಯ ನಕ್ಷೆ, ತೂಕ, ಯಾವ ಆಕ್ಸಲ್ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕ, ವಾಹನದ ಆರ್‌ಸಿ, ಎಫ್‌ಸಿ, ವಿಮೆ, ತೆರಿಗೆ, ಹೋಗುವ ದಾರಿ ಇವೆಲ್ಲ ಬೇಕು. ನಿಜವಾದ ಕೆಲಸ ದಾರಿಯ ಸರ್ವೆ. ಅನುಭವಸ್ಥ ಸಾಗಣೆದಾರರು ಹೊರೆ ಹತ್ತಿಸುವ ಮೊದಲು ಅಳತೆ ಪಟ್ಟಿ ಹಿಡಿದು ಇಡೀ ದಾರಿ ನೋಡಿಬರುತ್ತಾರೆ. ಯಾವ ತಿರುವಿನಲ್ಲಿ ಹಿಂದಿನ ಚಕ್ರ ಚರಂಡಿಗೆ ಇಳಿದೀತು, ಯಾವ ಆಲದ ಕೊಂಬೆ ತಾಗೀತು, ಯಾವ ಊರಿನ ಜಾತ್ರೆ ಯಾವತ್ತು ಎಂಬುದನ್ನೆಲ್ಲ ಬರೆದುಕೊಳ್ಳುತ್ತಾರೆ. ಅನುಮತಿ ಸಿಕ್ಕಿದರೂ ಷರತ್ತುಗಳು ಹಿಂದೆಯೇ ಬರುತ್ತವೆ: ನಿಗದಿತ ವೇಗ, ಮುಂದೆ ಪೈಲಟ್ ವಾಹನ, ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ, ರಸ್ತೆಗೋ ಸೇತುವೆಗೋ ಹಾನಿಯಾದರೆ ಖರ್ಚು ಕಟ್ಟಿಕೊಡುವ ಮುಚ್ಚಳಿಕೆ.

ಇಲ್ಲೊಂದು ವಿಷಯ ತಿಳಿದಾಗ ನನಗೇ ಆಶ್ಚರ್ಯವಾಗಿತ್ತು. ಹೈಡ್ರಾಲಿಕ್ ಟ್ರೈಲರಿನ ಒಂದು ಸಾಲಿನಲ್ಲಿ ಎಂಟು ಟೈರು, ಆ ಸಾಲಿಗೆ 18 ಟನ್ ಮಿತಿ. ಅಂದರೆ ಒಂದು ಟೈರಿಗೆ ಎರಡೂಕಾಲು ಟನ್. ನಿಯಮ ಪಾಲಿಸುವ ಸಾಮಾನ್ಯ ಲಾರಿಯ ಹಿಂದಿನ ಆಕ್ಸಲ್‌ನಲ್ಲಿ ನಾಲ್ಕು ಟೈರಿಗೆ 11.5 ಟನ್, ಒಂದು ಟೈರಿಗೆ ಸುಮಾರು 2.9 ಟನ್. ಟೈರಿನ ಲೆಕ್ಕ ನೋಡಿದರೆ ಕಣ್ಣಿಗೆ ಭಯ ಹುಟ್ಟಿಸುವ ಆ ದೈತ್ಯ ರಸ್ತೆಯನ್ನು ಒತ್ತುವುದು ಮಾಮೂಲಿ ಲಾರಿಗಿಂತ ಕಡಿಮೆ. ಸಾಲುಗಳ ನಡುವೆ ಎಣ್ಣೆಯ ಒತ್ತಡ ಹಂಚಿಕೊಂಡಿರುವುದರಿಂದ ರಸ್ತೆ ತಗ್ಗುದಿಣ್ಣೆಯಾಗಿದ್ದರೂ ಭಾರವೆಲ್ಲ ಒಂದೇ ಚಕ್ರದ ಮೇಲೆ ಬೀಳುವುದಿಲ್ಲ.

ಅದೇ ಆರು ಚಕ್ರದ ಲಾರಿಯ ಹಿಂದಿನ ಆಕ್ಸಲ್ ಮೇಲೆ 15 ಟನ್ ಹೇರಿ ನೋಡಿ. ಭಾರ ಹೆಚ್ಚಿದ್ದು ಶೇ 30ರಷ್ಟು. ರಸ್ತೆಯ ಸವೆತ ಸುಮಾರು ಮೂರು ಪಟ್ಟು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ರಸ್ತೆಗಳನ್ನೇ ಕಟ್ಟಿ ಲಾರಿ ಓಡಿಸಿ ನಡೆಸಿದ ಪರೀಕ್ಷೆಯಿಂದ ಈ ಲೆಕ್ಕ ಬಂತು. ರಸ್ತೆಯ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅದರ ಸ್ಥೂಲ ತಾತ್ಪರ್ಯ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ನಮ್ಮ ಊರ ರಸ್ತೆಗಳಲ್ಲಿ ಚಕ್ರದ ಎರಡು ಗೆರೆಯಲ್ಲಿ ಮಾತ್ರ ಡಾಂಬರು ಕುಸಿದಿರುವುದಕ್ಕೆ ಮಳೆಯೊಂದೇ ಕಾರಣವಲ್ಲ.

ಹಾಗಾದರೆ ದೈತ್ಯ ಟ್ರೈಲರಿಗೆ ಇಷ್ಟೊಂದು ಕಟ್ಟುಪಾಡು ಯಾಕೆ? ಸೇತುವೆಗಾಗಿ. ರಸ್ತೆಗೆ ಟೈರಿನ ಭಾರ ಲೆಕ್ಕ, ಸೇತುವೆಗೆ ಕಂಬದಿಂದ ಕಂಬದ ನಡುವೆ ಒಮ್ಮೆಗೇ ನಿಂತಿರುವ ಒಟ್ಟು ಭಾರ ಲೆಕ್ಕ. ನಮ್ಮ ಹೆದ್ದಾರಿ ಸೇತುವೆಗಳನ್ನು '70ಆರ್' ಎಂಬ ಮಾದರಿ ವಾಹನಕ್ಕೆ ಕಟ್ಟುತ್ತಾರೆ; ಚಕ್ರದ ಮಾದರಿಯಲ್ಲಿ ಅದರ ಒಟ್ಟು ತೂಕ 100 ಟನ್. ಈಚಿನ ಸೇತುವೆಗಳಿಗೆ 385 ಟನ್ನಿನ 'ವಿಶೇಷ ವಾಹನ'ದ ಲೆಕ್ಕವನ್ನೂ ಭಾರತೀಯ ರಸ್ತೆ ಕಾಂಗ್ರೆಸ್ ಸೇರಿಸಿದೆ. ಆದರೆ ಅದಕ್ಕೆ ಷರತ್ತು ಬಿಗಿ. ಗಾಡಿ ಸೇತುವೆಯ ನಟ್ಟನಡುವೆ ಸಾಗಬೇಕು, ಗಂಟೆಗೆ 5 ಕಿಲೋಮೀಟರ್ ಮೀರಬಾರದು, ಆ ಹೊತ್ತಿಗೆ ಸೇತುವೆಯ ಮೇಲೆ ಬೇರೆ ವಾಹನ ಇರಬಾರದು. ಪೊಲೀಸರು ಎರಡೂ ಕಡೆ ತಡೆದು ನಿಲ್ಲಿಸಿದಾಗ ಹಾರ್ನ್ ಹೊಡೆದು ನುಗ್ಗುವವರು ಸೇತುವೆಯ ಈ ಲೆಕ್ಕವನ್ನೇ ಕೆಡಿಸುತ್ತಾರೆ. ಸೇತುವೆ ಮೇಲೆ ಆ ಟ್ರೈಲರ್ ಇರುವಾಗ ದಯವಿಟ್ಟು ಕಾಯಿರಿ.

ಸೇತುವೆ ತಡೆಯದಿದ್ದರೆ ಏನು ಮಾಡುತ್ತಾರೆ ಎಂಬುದಕ್ಕೆ ಬೆಂಗಳೂರಿನ ಈಜಿಪುರದ ದೇವಾಲಯಕ್ಕೆ ಬಂದ ಏಕಶಿಲಾ ವಿಗ್ರಹವೇ ಸಾಕ್ಷಿ. ತಮಿಳುನಾಡಿನ ವಂದವಾಸಿ ಬಳಿಯಿಂದ 2018ರ ಕೊನೆಗೆ ಹೊರಟ 300 ಟನ್ನಿಗೂ ಮೀರಿದ ಕಲ್ಲು 240 ಚಕ್ರಗಳ ಗಾಡಿಯ ಮೇಲೆ ಬೆಂಗಳೂರು ಮುಟ್ಟಿದ್ದು 2019ರ ಜೂನ್ ಹೊತ್ತಿಗೆ. ಕೆಲವು ಗಂಟೆಗಳ ದಾರಿಗೆ ಸುಮಾರು ಆರು ತಿಂಗಳು. ದುರ್ಬಲ ಸೇತುವೆ ಬಂದಲ್ಲಿ ಪಕ್ಕದಲ್ಲಿ ಮಣ್ಣು ತುಂಬಿ ತಾತ್ಕಾಲಿಕ ದಾರಿ ಮಾಡಿ ದಾಟಿಸಬೇಕಾಯಿತು. ಎರಡು ರಾಜ್ಯ, ಹಲವು ಇಲಾಖೆ, ಪ್ರತಿಯೊಂದರದೂ ಬೇರೆ ಬೇರೆ ಒಪ್ಪಿಗೆ. ನಿಯಮದ ಪುಸ್ತಕದಲ್ಲಿ ಒಣಗಿದಂತೆ ಕಾಣುವ ಮಾತುಗಳೆಲ್ಲ ಆ ದಾರಿಯಲ್ಲಿ ಒಂದೊಂದಾಗಿ ಎದುರಾದವು.

ಮತ್ತೆ ನಮ್ಮ ಕಬ್ಬಿಗೆ ಬರೋಣ. ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿ ತೊಂಬತ್ತು ವರ್ಷ ದಾಟಿತು. ಈಗ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿ, ಬಾಡಿಯ ಹೊರಗೂ ಕಬ್ಬು ಇಳಿಬಿಟ್ಟು, ಹಿಂದಿನ ದೀಪ ಮುಚ್ಚಿಹೋಗುವಂತೆ ತುಂಬುವುದನ್ನು ನಾವು ಮಾಮೂಲಿ ಎಂದುಕೊಂಡಿದ್ದೇವೆ. ರೈತನನ್ನು ಮಾತ್ರ ಬಯ್ಯುವುದು ಸರಿಯಲ್ಲ. ಟ್ರಿಪ್ಪಿನ ಬಾಡಿಗೆ ಅವನಿಗೆ ಭಾರ. ಕಟಾವಿನ ಆಳು ಸಿಗುವುದು ಕಷ್ಟ. ಕಾರ್ಖಾನೆಯ ಅಂಗಳದಲ್ಲಿ ಸರದಿ ಕಾಯುತ್ತ ಕಬ್ಬು ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ. ಒಂದೇ ಟ್ರಿಪ್ಪಿಗೆ ಮುಗಿಸುವ ಆಸೆ ಇಲ್ಲಿಂದ ಹುಟ್ಟುತ್ತದೆ. ಹೆಚ್ಚು ತುಂಬಿದ ಗಾಡಿಯ ಮಾಲನ್ನು ಗೇಟಿನಲ್ಲೇ ತೂಗಿ ಒಪ್ಪಿಕೊಳ್ಳುವ ಕಾರ್ಖಾನೆಗೂ ಇದರಲ್ಲಿ ಪಾಲಿದೆ ಎಂದು ನಾನು ತಿಳಿದಿದ್ದೇನೆ. ತೂಕ ಅವರ ತಕ್ಕಡಿಯಲ್ಲೇ ಕಾಣುತ್ತದಲ್ಲ.

ಹೆದ್ದಾರಿ ಸೇತುವೆಗಾದರೆ ಲೆಕ್ಕ ಹಾಕುವ ಎಂಜಿನಿಯರಿದ್ದಾನೆ. ಗದ್ದೆಯಿಂದ ಹೆದ್ದಾರಿಗೆ ಬರುವ ಮೊದಲು ಕಬ್ಬಿನ ಲೋಡು ದಾಟುವುದು ವಿಶ್ವೇಶ್ವರಯ್ಯ ನಾಲೆಯ, ಅದರ ಕವಲುಗಳ ಮೇಲಿನ ಕಿರಿದಾದ ಸೇತುವೆಗಳನ್ನು, ಮೋರಿಗಳನ್ನು. ಎತ್ತಿನ ಗಾಡಿಯ ಕಾಲದಲ್ಲಿ ಕಟ್ಟಿದವೂ ಅವುಗಳಲ್ಲಿವೆ. ಅದೇ ಸೇತುವೆ ಮೇಲೆ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಇಂಥ ರಸ್ತೆ, ಸೇತುವೆಗಳಲ್ಲಿ ವಾಹನ ಸಂಚಾರವನ್ನು ಮಿತಿಗೊಳಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ, ಟನ್ ಲೆಕ್ಕದ ಫಲಕ ನೆಡಲು ರಸ್ತೆ ಸಂಕೇತಗಳಲ್ಲಿ ಜಾಗವೂ ಇದೆ. ನಿಮ್ಮೂರ ನಾಲೆ ಸೇತುವೆಯ ಎರಡು ತುದಿಯಲ್ಲಿ ಅಂಥ ಫಲಕ ಇದೆಯೇ ನೋಡಿ. ಇಲ್ಲದಿದ್ದರೆ ಈ ಸಲದ ಕಟಾವು ಶುರುವಾಗುವ ಮೊದಲೇ ಸೇತುವೆಯ ಫೋಟೊ ಸಮೇತ ಒಂದು ಅರ್ಜಿಯನ್ನು ಗ್ರಾಮ ಪಂಚಾಯಿತಿಗೂ, ಅದರ ನಕಲನ್ನು ನೀರಾವರಿ ನಿಗಮದ ಎಂಜಿನಿಯರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.